ನಾಲ್ಕು ಕೋಟಿ ಸಾಲು, ಸೊನ್ನೆ ವಾರ್ನಿಂಗ್

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರಬಿಟ್ಟ ಮೊದಲ ಲಿನಕ್ಸ್ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಂನ ತಿರುಳು) ಇದ್ದದ್ದು ಸುಮಾರು 10,000 ಸಾಲು ಕೋಡ್. 2025ರ ಆರಂಭಕ್ಕೆ, ಖಾಲಿ ಸಾಲು, ಟಿಪ್ಪಣಿ ಎಲ್ಲ ಸೇರಿ, ಅದು 4 ಕೋಟಿ ದಾಟಿತು. ಪುಟಕ್ಕೆ 50 ಸಾಲಿನಂತೆ ಅಚ್ಚು ಹಾಕಿಸಿದರೆ 8 ಲಕ್ಷ ಪುಟ. ಅಂದರೆ 400 ಪುಟಗಳ 2,000 ಸಂಪುಟ. ಅದೂ ನಿಂತ ಬರಹವಲ್ಲ. ಒಂಬತ್ತು-ಹತ್ತು ವಾರಕ್ಕೊಂದು ಹೊಸ ಆವೃತ್ತಿ, ಒಂದೊಂದಕ್ಕೂ ಸುಮಾರು 2,000 ಜನರಿಂದ 13,000ದಷ್ಟು ತಿದ್ದುಪಡಿ. ಹಗಲು ರಾತ್ರಿ, ಭಾನುವಾರವನ್ನೂ ಬಿಡದೆ, ಗಂಟೆಗೆ ಎಂಟು!

ಇಷ್ಟನ್ನೂ ಪೂರ್ತಿ ಓದುವ ಮನುಷ್ಯನಿಲ್ಲ. ಓದುವುದು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್. ತಪ್ಪು ಕಂಡರೆ ಕೆಲಸ ನಿಲ್ಲಿಸುತ್ತದೆ. ಬರೀ ಅನುಮಾನವಾದರೆ ಒಂದು ವಾರ್ನಿಂಗ್ ಕೊಟ್ಟು ಮುಂದಕ್ಕೆ ಹೋಗುತ್ತದೆ. ತೊಂದರೆ ಇರುವುದು ಇಲ್ಲೇ. 5,000 ಫೈಲ್‌ಗಳು ಬಳಸುವ ಒಂದು ಹೆಡರ್ ಫೈಲ್‌ನಲ್ಲಿ ಅನುಮಾನದ ಸಾಲು ಒಂದೇ ಒಂದಿದ್ದರೂ ಅದೇ ವಾರ್ನಿಂಗ್ 5,000 ಸಲ ಬರಬಹುದು. ಆ ರಾಶಿಯಲ್ಲಿ ನಿಜವಾದ ದೋಷದ ಒಂದು ಸಾಲು ಯಾರ ಕಣ್ಣಿಗೆ ಬಿದ್ದೀತು? ಹಾಗಾಗಿ ನೂರನ್ನು ಹತ್ತಕ್ಕೆ ಇಳಿಸಿದರೆ ಸಾಲದು, ಸೊನ್ನೆಗೇ ತರಬೇಕು ಎಂಬ ಕರ್ನಲ್ ಡೆವಲಪರ್‌ಗಳ ಹಟವನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆ ಹಟದ ಒಂದು ಕಥೆ ಹೀಗಿದೆ. ಕರ್ನಲ್ ಬರೆದಿರುವ ಸಿ ಭಾಷೆಯಲ್ಲಿ, ಹಲವು ದಾರಿಗಳಲ್ಲಿ (ಕೇಸ್) ಒಂದನ್ನು ಆರಿಸುವ ‘ಸ್ವಿಚ್’ ಬಳಸುವಾಗ ಪ್ರತಿ ಕೇಸ್ ಮುಗಿದಲ್ಲಿ ‘ಬ್ರೇಕ್’ ಬರೆಯಬೇಕು. ಬರೆಯದಿದ್ದರೆ ಪ್ರೋಗ್ರಾಂ ನಿಲ್ಲದೆ ಕೆಳಗಿನ ಕೇಸ್‌ಗೆ ಜಾರಿ ಅದನ್ನೂ ನಡೆಸುತ್ತದೆ. ಕೆಲವು ಕಡೆ ಬೇಕೆಂದೇ ಬಿಟ್ಟಿರುತ್ತಾರೆ, ಕೆಲವು ಕಡೆ ಮರೆತಿರುತ್ತಾರೆ; ಎರಡೂ ನೋಡಲು ಒಂದೇ ಥರ. 2017ರಲ್ಲಿ ಬಂದ ಜಿಸಿಸಿ 7 ಎಂಬ ಕಂಪೈಲರ್ ಈ ಜಾರುವಿಕೆಗೆ ವಾರ್ನಿಂಗ್ ಕೊಡಲು ಕಲಿಯಿತು. ಗುಸ್ಟಾವೋ ಸಿಲ್ವಾ ಎಂಬ ಡೆವಲಪರ್ ಒಂದೊಂದು ಜಾಗಕ್ಕೂ ಹೋಗಿ, ಬರೆದವರ ಉದ್ದೇಶವೇನಿತ್ತೆಂದು ಹುಡುಕಿ, ತಿದ್ದುಪಡಿ (ಪ್ಯಾಚ್) ಕಳಿಸುತ್ತ ಬಂದರು. 2019ರ 5.3 ಆವೃತ್ತಿಯ ಹೊತ್ತಿಗೆ ಆ ವಾರ್ನಿಂಗನ್ನು ಇಡೀ ಕರ್ನಲ್‌ಗೆ ಚಾಲೂ ಮಾಡಲಾಯಿತು. ಸರಿಪಡಿಸಿದ ಹಲವು ನೂರು ಜಾಗಗಳಲ್ಲಿ ಹತ್ತಕ್ಕೆ ಒಂದರಂತೆ ನಿಜವಾಗಿಯೂ ಬ್ರೇಕ್ ಮರೆತ ದೋಷಗಳೇ ಆಗಿದ್ದವು ಎಂದು ಕರ್ನಲ್ ಭದ್ರತೆಯ ಕೆಲಸದಲ್ಲಿರುವ ಕೀಸ್ ಕುಕ್ ಅಂದಾಜು ಮಾಡಿದರು. ಅವರೂ ಅಷ್ಟೊಂದು ನಿರೀಕ್ಷಿಸಿರಲಿಲ್ಲ.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ‘ಇಲ್ಲಿ ಬೇಕೆಂದೇ ಬಿಟ್ಟಿದ್ದೇವೆ’ ಎಂಬ ಟಿಪ್ಪಣಿಯನ್ನು ಜಿಸಿಸಿ ಓದಿ ಸುಮ್ಮನಾಗುತ್ತಿತ್ತು. ಇನ್ನೊಂದು ಕಂಪೈಲರ್ ಆದ ಕ್ಲ್ಯಾಂಗ್ ಟಿಪ್ಪಣಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. 2020ರ ಆಗಸ್ಟ್‌ನಲ್ಲಿ ಸಿಲ್ವಾ ಒಂದೇ ಪ್ಯಾಚ್‌ನಲ್ಲಿ ಸಾವಿರಕ್ಕೂ ಹೆಚ್ಚು ಫೈಲ್‌ಗಳ ಇಂಥ ಟಿಪ್ಪಣಿ ಕಿತ್ತು, ಎರಡೂ ಕಂಪೈಲರ್‌ಗಳಿಗೆ ಅರ್ಥವಾಗುವ ಒಂದು ಪದ ಹಾಕಿದರು.

2021ರ ಸೆಪ್ಟೆಂಬರ್‌ನಲ್ಲಿ ಟೊರ್ವಾಲ್ಡ್ಸ್ ಇನ್ನೂ ಮುಂದೆ ಹೋದರು: ಯಾವ ವಾರ್ನಿಂಗ್ ಬಂದರೂ ಬಿಲ್ಡ್, ಅಂದರೆ ಕಂಪೈಲ್ ಮಾಡಿ ಕರ್ನಲ್ ಕಟ್ಟುವ ಕೆಲಸ, ನಿಲ್ಲಬೇಕು, ಎಲ್ಲರಿಗೂ. ಆದರೆ ಕರ್ನಲ್ ಬಿಲ್ಡ್ ಆಗುವುದು ಇಪ್ಪತ್ತರಷ್ಟು ಬಗೆಯ ಪ್ರೊಸೆಸರ್‌ಗಳಿಗೆ, ಹಳೆಯ ಹೊಸ ಕಂಪೈಲರ್‌ಗಳಲ್ಲಿ. ಒಬ್ಬರಲ್ಲಿ ಸೊನ್ನೆ ಇದ್ದದ್ದು ಇನ್ನೊಬ್ಬರಲ್ಲಿ ಸೊನ್ನೆಯಾಗಿರಲಿಲ್ಲ. ಎಲ್ಲೆಲ್ಲೋ ಬಿಲ್ಡ್ ಮುರಿದು ದೂರುಗಳು ಬಂದವು. ಕೆಲವೇ ದಿನಗಳಲ್ಲಿ ನಿಯಮ ಸಡಿಲವಾಯಿತು: ಪರೀಕ್ಷೆಗೆಂದೇ ಮಾಡುವ ಬಿಲ್ಡ್‌ಗಳಲ್ಲಿ ಅದು ತಾನಾಗಿ ಚಾಲೂ ಇರುತ್ತದೆ, ಉಳಿದವರು ಬೇಕಿದ್ದರೆ ಹಾಕಿಕೊಳ್ಳಬೇಕು.