ಬಿಸಿಎಲ್-2

ಬಿಸಿಎಲ್-2 ಎಂಬುದು ಮಾನವನ ಜೀವಕೋಶಗಳಲ್ಲಿ ಕಂಡುಬರುವ ಒಂದು ಪ್ರೋಟೀನ್. ಇದು ಅಪೊಪ್ಟೋಸಿಸ್ ಎಂದು ಕರೆಯಲ್ಪಡುವ ಯೋಜಿತ ಕೋಶಮರಣವನ್ನು ತಡೆಯುತ್ತದೆ. 239 ಅಮೈನೊ ಆಮ್ಲಗಳಿಂದ ರಚಿತವಾಗಿರುವ ಈ ಪ್ರೋಟೀನಿನ ವಂಶವಾಹಿಯು 18ನೆಯ ವರ್ಣತಂತುವಿನಲ್ಲಿದೆ. ಬಿ-ಜೀವಕೋಶಗಳ ಲಿಂಫೋಮ ಎಂಬ ಕ್ಯಾನ್ಸರಿನಲ್ಲಿ ಮೊದಲು ಪತ್ತೆಯಾದುದರಿಂದ ಇದಕ್ಕೆ ಈ ಹೆಸರು ಬಂದಿದೆ.

ಕಾರ್ಯವಿಧಾನ

ದೇಹದಲ್ಲಿ ಹಳೆಯ, ಹಾನಿಗೊಂಡ ಅಥವಾ ಅನಗತ್ಯವಾದ ಜೀವಕೋಶಗಳು ಕ್ರಮಬದ್ಧವಾಗಿ ಸಾಯುತ್ತವೆ. ಗರ್ಭದಲ್ಲಿ ಶಿಶುವಿನ ಬೆರಳುಗಳು ಬೇರ್ಪಡುವುದೂ ನಡುವಿನ ಜೀವಕೋಶಗಳು ಹೀಗೆ ಸಾಯುವುದರಿಂದಲೇ. ಈ ಕ್ರಿಯೆಯಲ್ಲಿ ಬ್ಯಾಕ್ಸ್ ಮತ್ತು ಬ್ಯಾಕ್ ಎಂಬ ಪ್ರೋಟೀನುಗಳು ಒಟ್ಟುಗೂಡಿ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರಗಳನ್ನುಂಟುಮಾಡುತ್ತವೆ. ಅಲ್ಲಿಂದ ಸೈಟೊಕ್ರೋಮ್-ಸಿ ಹೊರಬಂದು, ಕ್ಯಾಸ್ಪೇಸ್ ಎಂಬ ಕಿಣ್ವಗಳು ಚುರುಕಾಗಿ, ಜೀವಕೋಶವನ್ನು ಒಳಗಿನಿಂದಲೇ ವಿಘಟಿಸುತ್ತವೆ. ಬಿಸಿಎಲ್-2 ತನ್ನ ಮೇಲ್ಮೈಯ ತೋಡಿನಂಥ ಭಾಗದಲ್ಲಿ ಮರಣಪ್ರೇರಕ ಪ್ರೋಟೀನುಗಳನ್ನು ಹಿಡಿದಿಟ್ಟು ರಂಧ್ರಗಳಾಗದಂತೆ ನೋಡಿಕೊಳ್ಳುತ್ತದೆ.

ಆರೋಗ್ಯವಂತ ದೇಹಕ್ಕೂ ಈ ಪ್ರೋಟೀನ್ ಅವಶ್ಯಕ. ಇದರ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಬಿಳಿ ರಕ್ತಕಣಗಳು ಕ್ಷೀಣಿಸುತ್ತವೆ, ಮೂತ್ರಪಿಂಡಗಳಲ್ಲಿ ದ್ರವ ತುಂಬಿದ ಚೀಲಗಳು ಬೆಳೆಯುತ್ತವೆ ಮತ್ತು ಕೂದಲು ಬೇಗ ನರೆಯುತ್ತದೆ.

ಸಂಶೋಧನೆಯ ಇತಿಹಾಸ

1984ರಲ್ಲಿ ಯೋಶಿಹಿದೆ ತ್ಸುಜಿಮೊಟೊ, ಕಾರ್ಲೊ ಕ್ರೋಚೆ ಮತ್ತು ಅವರ ಸಂಗಡಿಗರು 14 ಮತ್ತು 18ನೆಯ ವರ್ಣತಂತುಗಳ ತುಣುಕುಗಳು ಅದಲುಬದಲಾಗುವ ಸ್ಥಳದಲ್ಲಿ ಈ ವಂಶವಾಹಿಯನ್ನು ಗುರುತಿಸಿದರು. ಅಲ್ಲಿಯವರೆಗೆ ತಿಳಿದಿದ್ದ ಕ್ಯಾನ್ಸರ್ ವಂಶವಾಹಿಗಳು ಕೋಶವಿಭಜನೆಯನ್ನು ಹೆಚ್ಚಿಸುವಂಥವಾಗಿದ್ದವು. ಆದರೆ ಬಿಸಿಎಲ್-2 ವಿಭಜನೆಯನ್ನು ಹೆಚ್ಚಿಸದೆ ಜೀವಕೋಶವು ಸಾಯದಂತೆ ಕಾಯುತ್ತದೆ ಎಂಬುದನ್ನು 1988ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಡೇವಿಡ್ ವಾ, ಸುಝಾನ್ ಕೋರಿ ಮತ್ತು ಜೆರ್ರಿ ಆಡಮ್ಸ್ ತೋರಿಸಿಕೊಟ್ಟರು.

ಕ್ಯಾನ್ಸರಿನೊಂದಿಗೆ ಸಂಬಂಧ

ಫಾಲಿಕ್ಯುಲರ್ ಲಿಂಫೋಮ ರೋಗಿಗಳಲ್ಲಿ ಬಹುಪಾಲು ಜನರಲ್ಲಿ ಈ ಅದಲುಬದಲು ಕಂಡುಬರುತ್ತದೆ. ಪ್ರತಿಕಾಯಗಳನ್ನು ತಯಾರಿಸುವ, ಬಿ-ಜೀವಕೋಶಗಳಲ್ಲಿ ಸದಾ ಸಕ್ರಿಯವಾಗಿರುವ ವಂಶವಾಹಿಯ ಪಕ್ಕಕ್ಕೆ ಬಿಸಿಎಲ್-2 ವಂಶವಾಹಿ ಬಂದು ಸೇರುವುದರಿಂದ ಪ್ರೋಟೀನ್ ಅತಿಯಾಗಿ ಉತ್ಪತ್ತಿಯಾಗುತ್ತದೆ. ಸಾಯಬೇಕಾದ ಜೀವಕೋಶಗಳು ಉಳಿದು, ಮತ್ತಷ್ಟು ದೋಷಗಳನ್ನು ಕೂಡಿಹಾಕಿಕೊಳ್ಳುತ್ತವೆ. ಆದರೆ ಈ ಅದಲುಬದಲೊಂದರಿಂದಲೇ ರೋಗ ಬರುವುದಿಲ್ಲ. ಆರೋಗ್ಯವಂತರ ರಕ್ತದಲ್ಲಿಯೂ ಇಂಥ ಜೀವಕೋಶಗಳು ಅಲ್ಪಪ್ರಮಾಣದಲ್ಲಿ ದೊರೆತಿವೆ.

ವರ್ಣತಂತು ಆ ಸ್ಥಳದಲ್ಲಿಯೇ ಏಕೆ ತುಂಡಾಗುತ್ತದೆ ಎಂಬುದರ ಅಧ್ಯಯನದಲ್ಲಿ ಸತೀಸ್ ಸಿ. ರಾಘವನ್ ಪ್ರಮುಖರು. ಅಲ್ಲಿಯ ಡಿಎನ್‌ಎ ಸಾಮಾನ್ಯ ಜೋಡಿ ಸುರುಳಿಗಿಂತ ಭಿನ್ನವಾದ ರೂಪ ತಾಳುತ್ತದೆ ಮತ್ತು ರ‍್ಯಾಗ್ ಕಿಣ್ವವು ಅದನ್ನು ಕತ್ತರಿಸುತ್ತದೆ ಎಂದು ಅವರು ಅಮೆರಿಕದಲ್ಲಿ ಮೈಕೆಲ್ ಲೀಬರ್ ಮೊದಲಾದವರೊಂದಿಗೆ 2004ರಲ್ಲಿ ಪ್ರಕಟಿಸಿದರು. ಅನಂತರ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮುಂದುವರಿಸಿದರು.

ಔಷಧಗಳು

ಬಿಸಿಎಲ್-2ರ ತೋಡಿನಲ್ಲಿ ಕುಳಿತು ಅದನ್ನು ನಿಷ್ಕ್ರಿಯಗೊಳಿಸುವ ವೆನೆಟೊಕ್ಲಾಕ್ಸ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಇದನ್ನು ದೀರ್ಘಕಾಲಿಕ ಲಿಂಫೋಸೈಟಿಕ್ ರಕ್ತಕ್ಯಾನ್ಸರಿಗೆ ಬಳಸುತ್ತಾರೆ. ಕ್ಯಾನ್ಸರ್ ಕೋಶಗಳು ಒಮ್ಮೆಲೇ ಸತ್ತರೆ ಅವುಗಳಿಂದ ಹೊರಬೀಳುವ ಪದಾರ್ಥಗಳು ಮೂತ್ರಪಿಂಡಕ್ಕೂ ಹೃದಯಕ್ಕೂ ಅಪಾಯಕಾರಿಯಾದುದರಿಂದ, ದಿನಕ್ಕೆ 20 ಮಿಲಿಗ್ರಾಮಿನಿಂದ ಆರಂಭಿಸಿ ಐದು ವಾರಗಳಲ್ಲಿ ಹಂತಹಂತವಾಗಿ 400 ಮಿಲಿಗ್ರಾಮಿಗೆ ಏರಿಸುತ್ತಾರೆ.

ಭಾರತೀಯ ವಿಜ್ಞಾನ ಸಂಸ್ಥೆಯ ರಾಘವನ್ ಅವರ ಪ್ರಯೋಗಾಲಯವು ಡೈಸಾರಿಬ್ ಎಂಬ ಪ್ರತಿಬಂಧಕವನ್ನು ವಿವರಿಸಿದೆ. ಇದು ಬಿಸಿಎಲ್-2 ಮತ್ತು ಬ್ಯಾಕ್ ಪ್ರೋಟೀನುಗಳ ಬಂಧವನ್ನು ಬಿಡಿಸುತ್ತದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗೆಡ್ಡೆಗಳು ಕುಗ್ಗಿರುವುದು ವರದಿಯಾಗಿದೆ.