ಹೊಳೆಯುವ ಕಟ್ಟಡ ನೋಡಿ ವಿದೇಶಕ್ಕೆ ಹೊರಡಬಹುದೇ? ಫಾರ್ವರ್ಡ್ ವಿಡಿಯೊ ಹೇಳದ ಸಂಗತಿಗಳು

ದುಬೈನ ಬುರ್ಜ್ ಖಲೀಫಾ, ಸಿಂಗಪುರದ ಮರೀನಾ ಬೇ ದೀಪಗಳು, ಹಿನ್ನೆಲೆಗೆ ಒಂದು ಹಾಡು. ಕೊನೆಯಲ್ಲಿ 'ಇಂಥ ಊರಲ್ಲಿ ಕೆಲಸ ಬೇಕೇ? ಈ ನಂಬರಿಗೆ ಮೆಸೇಜ್ ಮಾಡಿ' ಎಂಬ ಸಾಲು. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗೂ ಬಂದಿರಬಹುದು. ಅದನ್ನು ನಂಬಿ ಒಡವೆ ಅಡವಿಡುವ ಮುನ್ನ ತಿಳಿಯಬೇಕಾದ್ದನ್ನು ನೋಡೋಣ.

ಕಟ್ಟಡ ಚೆನ್ನಾಗಿದ್ದರೆ ಊರೇ ಚೆನ್ನಾಗಿದೆ ಅನಿಸುವುದೇಕೆ?

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಒಂದು ವಿಷಯ ಗಮನಿಸಿದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಲ್ಲಿ ಒಂದು ಗುಣ ಮೆಚ್ಚಿದರೆ, ಉಳಿದ ಗುಣಗಳಿಗೂ ಹೆಚ್ಚು ಅಂಕ ಕೊಡುತ್ತಿದ್ದರು. ಇದಕ್ಕೆ 'ಹಾಲೋ ಎಫೆಕ್ಟ್' ಎನ್ನುತ್ತಾರೆ. ಊರುಗಳ ವಿಷಯದಲ್ಲೂ ನಾವು ಹೀಗೇ ಮಾಡುತ್ತೇವೆ. ಗಾಜಿನ ಗೋಪುರ ಕಂಡ ಕೂಡಲೇ ಸಂಬಳ, ಮನೆ, ನೆಮ್ಮದಿ ಎಲ್ಲವೂ ಅಲ್ಲಿ ಸಿಗುತ್ತದೆ ಅಂದುಕೊಳ್ಳುತ್ತೇವೆ.

ವಾಸ್ತವವೇನು?

828 ಮೀಟರ್ ಎತ್ತರದ ಬುರ್ಜ್ ಖಲೀಫಾ 2010ರ ಜನವರಿಯಲ್ಲಿ ಉದ್ಘಾಟನೆಯಾಯಿತು. ವಿನ್ಯಾಸ ಅಮೆರಿಕದ ಎಸ್‌ಒಎಂ ಸಂಸ್ಥೆಯದು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 2 ವಿನ್ಯಾಸವೂ ಇದೇ ಸಂಸ್ಥೆಯದು! ಬಿದಿರಿನ ಚಾವಣಿ, ತೂಗುವ ಗಿಡಗಳ ಈ ಕಟ್ಟಡ 2022ರ ನವೆಂಬರ್ 11ರಂದು ಉದ್ಘಾಟನೆಯಾಯಿತು. ಹಣ ಮತ್ತು ಒಳ್ಳೆಯ ವಿನ್ಯಾಸ ಇದ್ದರೆ ಅಂಥ ಕಟ್ಟಡ ಎಲ್ಲಿ ಬೇಕಾದರೂ ಏಳುತ್ತದೆ. ಆ ಊರಿನಲ್ಲಿ ನಿಮಗೆ ಸಿಗುವ ಸಂಬಳ, ಕಟ್ಟಬೇಕಾದ ಬಾಡಿಗೆ ಎಷ್ಟೆಂದು ಕಟ್ಟಡ ಹೇಳುವುದಿಲ್ಲ.

ಸಿಂಗಪುರದ ಮರೀನಾ ಬೇಯಲ್ಲಿ ಕಾಣುವ ಗೋಪುರಗಳಲ್ಲಿ ಹೆಚ್ಚಿನವು ಕಚೇರಿ, ಹೋಟೆಲ್‌ಗಳು. ಅಲ್ಲಿನ ಕಾಯಂ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟ್‌ಗಳಲ್ಲಿದ್ದಾರೆ. ಹೊರದೇಶಗಳಿಂದ ಬಂದ ಕಟ್ಟಡ ಕಾರ್ಮಿಕರಲ್ಲಿ ಹೆಚ್ಚಿನವರು ಡಾರ್ಮಿಟರಿಗಳಲ್ಲಿ ಒಂದೇ ಕೋಣೆ ಹಂಚಿಕೊಂಡು ಇರುತ್ತಾರೆ.

ಹಣ ಕೊಡುವ ಮುನ್ನ ಇಷ್ಟು ನೋಡಿ

1. ವೀಸಾ: ವಿಸಿಟ್ ವೀಸಾದಲ್ಲಿ ಹೋಗಿ ದುಬೈನಲ್ಲಿ ಕೆಲಸ ಮಾಡುವಂತಿಲ್ಲ. 'ಮೊದಲು ಹೋಗಿ, ಆಮೇಲೆ ಬದಲಿಸಿಕೊಡ್ತೀವಿ' ಎಂಬ ಮಾತು ನಂಬಬೇಡಿ.

2. ಏಜೆಂಟ್: 1983ರ ವಲಸೆ ಕಾಯ್ದೆಯಡಿ ನೋಂದಣಿ ಇರಲೇಬೇಕು. ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ಜಾಲತಾಣದಲ್ಲಿ ಹೆಸರು ಹುಡುಕಿ. ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ ₹30,000 ಮತ್ತು ಜಿಎಸ್‌ಟಿ.

3. ಪಾಸ್‌ಪೋರ್ಟ್: ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ 'ಇಸಿಆರ್' ಪಾಸ್‌ಪೋರ್ಟ್ ಸಿಗುತ್ತದೆ. ಅಂಥವರು ಯುಎಇ, ಸೌದಿ, ಕತಾರ್‌ನಂಥ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಬೇಕು.

4. ಕರಾರು: ಸಂಬಳ, ಕೆಲಸದ ಅವಧಿ, ವಸತಿ, ವಾಪಸ್ ಬರುವ ಟಿಕೆಟ್ ಎಲ್ಲವೂ ಬರಹದಲ್ಲಿರಲಿ.

ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಟ್ಟಡಗಳೇ ಇಷ್ಟವಾದರೆ?

ಆಗ ಅದನ್ನೇ ಓದಬಹುದು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು 'ನಾಟಾ' ಪರೀಕ್ಷೆ ಬರೆದು 5 ವರ್ಷದ ಬಿ.ಆರ್ಕ್ ಸೇರಬಹುದು.

ಒಟ್ಟಿನಲ್ಲಿ

ವಿದೇಶದ ಆಸೆ ತಪ್ಪಲ್ಲ. ಸರಿಯಾದ ಕಾಗದಪತ್ರಗಳೊಂದಿಗೆ ಹೋಗಿ ಚೆನ್ನಾಗಿ ದುಡಿಯುವವರು ಬೇಕಾದಷ್ಟಿದ್ದಾರೆ. ಆದರೆ ಕಂಪನಿಯ ಹೆಸರಾಗಲಿ, ಏಜೆಂಟ್‌ನ ನೋಂದಣಿ ಸಂಖ್ಯೆಯಾಗಲಿ ಇಲ್ಲದ ವಿಡಿಯೊವನ್ನು ಮುಂದಕ್ಕೆ ಕಳಿಸಬೇಡಿ. ನೀವು ಕಳಿಸಿದ್ದೆಂಬ ಒಂದೇ ಕಾರಣಕ್ಕೆ ನಿಮ್ಮ ತಮ್ಮನೋ ಪಕ್ಕದ ಮನೆಯವರೋ ಅದನ್ನು ನಂಬಿಬಿಡಬಹುದು.