ಅಂಗೈಯೊಳಗಿನ ಕಿವಿ

ಆಟಿ ತಿಂಗಳ ಮಧ್ಯಾಹ್ನ. ಬೆಳ್ತಂಗಡಿ ತಾಲೂಕಿನ ಒಂದು ಹಂಚಿನ ಮನೆ. ಏಣೆಲು ಬೆಳೆಯ ನೇಜಿ ನೆಟ್ಟು ಮುಗಿದಿದೆ. ಗದ್ದೆಗಳು ನೀರು ತುಂಬಿಕೊಂಡು ಮಲಗಿವೆ. ಮಾಡಿನಿಂದ ಸುರಿಯುವ ನೀರು ಅಂಗಳದ ಅಂಚಿಗೆ ಸಾಲುಸಾಲು ಕುಳಿ ತೋಡಿದೆ. ಒಳಗಿನ ಒಲೆಯಿಂದ ಹಲಸಿನ ಬೀಜ ಸುಡುವ ಪರಿಮಳ. ಜಗಲಿಯ ಗೋಡೆಗೊರಗಿ ಕಾಲು ಚಾಚಿ ಕುಳಿತ ಅಜ್ಜಿ ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದಾರೆ. ಅವರೆದುರು, ನಾಲ್ಕು ಮಡಿಕೆ ಹಾಕಿದ ಬೈರಾಸಿನ ಮೇಲೆ, ನನ್ನ ರೆಕಾರ್ಡರ್.

ಅಂಗೈಯಲ್ಲಿ ಹಿಡಿಸುವ ಯಂತ್ರ. ನೆತ್ತಿಯ ಮೇಲೆ ಎರಡು ಪುಟ್ಟ ಮೈಕುಗಳು ಒಂದನ್ನೊಂದು ಅಡ್ಡಹಾಯ್ದು, ಬಲಬದಿಯದು ಎಡಕ್ಕೂ ಎಡಬದಿಯದು ಬಲಕ್ಕೂ ಕಿವಿಯೊಡ್ಡಿ ನಿಂತಿವೆ. ಕೊಂಡು ಹದಿಮೂರು ವರ್ಷವಾಯಿತು. ಮೈಮೇಲಿನ ರಬ್ಬರ್ ಲೇಪ ಕರಾವಳಿಯ ತೇವಕ್ಕೆ ಮೆತ್ತಗಾಗಿ ಹಲಸಿನ ಮೇಣದಂತೆ ಅಂಟತೊಡಗಿದಾಗ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಉಜ್ಜಿ ತೆಗೆದಿದ್ದೆ. ಬ್ಯಾಟರಿ ಮುಚ್ಚಳದ ಕೊಂಡಿ ಮುರಿದು, ಅದರ ಜಾಗದಲ್ಲಿ ಈಗ ರಬ್ಬರ್ ಬ್ಯಾಂಡ್ ಇದೆ. ಗುಂಡಿಗಳ ಮೇಲಿನ ಗುರುತುಗಳೆಲ್ಲ ಅಳಿಸಿಹೋಗಿವೆ. ಬೆರಳಿಗೆ ದಾರಿ ಗೊತ್ತು.

ಅಜ್ಜಿ ಎಲೆ ಮಡಚಿ ಬಟ್ಟಲಲ್ಲೇ ಇಟ್ಟರು. ಗಂಟಲು ಸರಿಮಾಡಿಕೊಂಡು ತುಳುವಿನ ಕಥನಗೀತೆ ಸಿರಿಯ ಪಾಡ್ದನ ಎತ್ತಿಕೊಂಡರು. ನಾನು ಹೆಡ್‌ಫೋನ್ ಏರಿಸಿ ಕೆಂಪು ದೀಪ ಹೊತ್ತಿಸಿದೆ. ಒಂದು ಸಾಲು ಹಾಡಿ ತುಸು ನಿಲ್ಲುವರು, ಮತ್ತೆ ಮುಂದಿನ ಸಾಲು. ವಯಸ್ಸಿನ ಏದುಸಿರು, ದಣಿವಾರಿಸಿಕೊಳ್ಳುತ್ತಾರೆ ಎಂದುಕೊಂಡೆ.

ಹತ್ತು ನಿಮಿಷ ಕಳೆದಿರಬಹುದು. ಎಡಗಿವಿಯಲ್ಲಿ ಚರ್ ಚರ್ ಎಂಬ ಸದ್ದು. ಮೊದಲು ಮಳೆಯೆಂದೇ ಭಾವಿಸಿದೆ. ಆದರೆ ಮಳೆ ಎರಡು ಕಿವಿಗೂ ಸುರಿಯುತ್ತದೆ; ಇದು ಒಂದೇ ಕಡೆ ಒಣಗಿದ ತರಗೆಲೆ ತುಳಿದಂತೆ ಇತ್ತು. ಅಷ್ಟರಲ್ಲಿ ಪರದೆ ಮಂಕಾಯಿತು. ಕೆಂಪು ದೀಪ ಆರಿತು.

ಅಜ್ಜಿಯ ಕಣ್ಣು ಮುಚ್ಚಿತ್ತು. ತಡೆಯಬೇಕೆಂದು ಕೈ ಎತ್ತಿದೆ, ತಡೆಯಲಾಗಲಿಲ್ಲ. ಹಾಡು ಮುಕ್ಕಾಲು ಗಂಟೆ ಸಾಗಿತು. ಮುಗಿಸಿ ಕಣ್ಣು ತೆರೆದು ಕೇಳಿದರು:

"ಹಿಡಿಯಿತಾ ಮಗಾ?"

"ಸುರುವಿನದ್ದು ಮಾತ್ರ, ಅಜ್ಜಿ. ಇದು ನಡುವಿನಲ್ಲಿ ನಿಂತುಬಿಟ್ಟಿತು."

ಅವರು ರೆಕಾರ್ಡರನ್ನು ಕೈಗೆತ್ತಿಕೊಂಡು ಮಗುವಿನ ಜ್ವರ ನೋಡುವಂತೆ ಅದರ ಬೆನ್ನು ಮುಟ್ಟಿ ನೋಡಿದರು. "ಇದಕ್ಕೆ ಮದ್ದು ಮಾಡಿಸಿಕೊಂಡು ಬಾ. ಪದ ಎಲ್ಲಿಗೂ ಹೋಗುದಿಲ್ಲ."

ಪದ ಹೋಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

* * *

ರಾತ್ರಿ, ಮನೆಯ ಮೇಜು. ದೀಪದ ಕೆಳಗೆ ಬಿಳಿ ಬಟ್ಟೆ ಹಾಸಿ ರೆಕಾರ್ಡರನ್ನು ಮಲಗಿಸಿದೆ. ಬ್ಯಾಟರಿ ಗೂಡು ತೆರೆದರೆ ಸ್ಪ್ರಿಂಗಿನ ಬುಡದಲ್ಲಿ ಬಿಳಿ ಪುಡಿ, ಅದರ ಅಂಚಿಗೆ ಹಸಿರು ಕಿಲುಬು. ಹಿಂದೆಂದೋ ಒಳಗೇ ಮರೆತ ಆಲ್ಕಲೈನ್ ಸೆಲ್ಲಿನಿಂದ ಒಸರಿದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟುಹೋದ ಕುರುಹು. ಅದು ಕ್ಷಾರ, ಕ್ಷಾರಕ್ಕೆ ಹುಳಿಯೇ ಮದ್ದು. ಕಿವಿಕಡ್ಡಿಗೆ ಎರಡು ಹನಿ ಲಿಂಬೆರಸ ಹಚ್ಚಿ ಒರೆಸಿದೆ. ಹುಳಿ ಅಲ್ಲೇ ಉಳಿದರೆ ಲೋಹ ತಿನ್ನುತ್ತದೆ ಎಂದು ಮೇಲಿಂದ ಸ್ಪಿರಿಟ್‌ನಲ್ಲಿ ಮತ್ತೆರಡು ಸಲ ಒರೆಸಿ ಫ್ಯಾನಿನ ಗಾಳಿಗೆ ಒಣಗಿಸಿದೆ. ಹೊಸ ಸೆಲ್ ಹಾಕಿದೆ. ಪರದೆ ಬೆಳಗಿತು, ಗಡಿಯಾರ ಮಾತ್ರ ಮೊದಲ ದಿನಕ್ಕೆ ಮರಳಿತ್ತು.

ಚಾರ್ಜ್ ಮಾಡಬಹುದಾದ ಸೆಲ್ ಹಾಕುವವರು ಮೆನುವಿನಲ್ಲಿ ಅದನ್ನು ತಿಳಿಸಬೇಕು. ಸಾಮಾನ್ಯ ಸೆಲ್ 1.5 ವೋಲ್ಟ್, ಚಾರ್ಜಿನದು 1.2. ಹೇಳದಿದ್ದರೆ ತುಂಬಿದ ಸೆಲ್ಲನ್ನೂ ಯಂತ್ರ ಅರೆಹೊಟ್ಟೆಯದೆಂದು ತಿಳಿಯುತ್ತದೆ.

ಆಮೇಲೆ ಕಾರ್ಡು. ಮಧ್ಯಾಹ್ನದ ಕಡತ ಅದರಲ್ಲಿತ್ತು, ಆದರೆ ಉದ್ದ ಸೊನ್ನೆ ಸೆಕೆಂಡ್ ಎಂದು ತೋರಿಸುತ್ತಿತ್ತು. ಎದೆ ಧಸಕ್ಕೆಂದಿತು. ಕಂಪ್ಯೂಟರಿಗೆ ಹಾಕಿ ನೋಡಿದರೆ ಗಾತ್ರ ನೂರೈವತ್ತು ಎಂಬಿಗೂ ಮೇಲಿದೆ. 48 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್ ಎಂದರೆ ನಿಮಿಷಕ್ಕೆ ಹದಿನೇಳು ಎಂಬಿ ಚಿಲ್ಲರೆ. ಲೆಕ್ಕ ಹೊಂದಿತು: ಹತ್ತು ನಿಮಿಷದ ದನಿ ಒಳಗೇ ಇದೆ. ವೇವ್ ಕಡತದ ತಲೆಯಲ್ಲಿ ತನ್ನ ಅಳತೆ ತಾನೇ ಬರೆದುಕೊಳ್ಳುವ ಒಂದು ತುಣುಕಿರುತ್ತದೆ. ರೆಕಾರ್ಡಿಂಗ್ ನಿಲ್ಲಿಸಿದಾಗಲೇ ಆ ಅಳತೆ ಪೂರ್ಣವಾಗುವುದು. ಸೆಲ್ ಸತ್ತದ್ದರಿಂದ ಅದಾಗಿರಲಿಲ್ಲ. ಆಡಾಸಿಟಿ ತಂತ್ರಾಂಶದಲ್ಲಿ 'ಕಚ್ಚಾ ದತ್ತಾಂಶ' ಎಂದು ತೆರೆದು, ಬಿಟ್, ಚಾನೆಲ್, ವೇಗ ಮೂರನ್ನೂ ನಾನೇ ತುಂಬಿದೆ. ಮೊದಲು ಒಂದು 'ಟಕ್' ಸದ್ದು. ಹಿಂದೆಯೇ ಅಜ್ಜಿ ಗಂಟಲು ಸರಿಮಾಡಿಕೊಂಡರು.

ಅದರ ಹಿಂದೆ ಚರ್ ಚರ್ ಕೂಡ ಇತ್ತು. ರೋಗ ಎಲ್ಲಿದೆಯೆಂದು ಕಂಡುಕೊಳ್ಳುವ ದಾರಿಯೇ ಇದು. ಹೆಡ್‌ಫೋನಿನಲ್ಲಿ ಕೇಳುವ ಸದ್ದು ಕಡತದಲ್ಲಿ ಇಲ್ಲದಿದ್ದರೆ ತಪ್ಪು ಹೆಡ್‌ಫೋನಿನ ತೂತಿನದು ಅಥವಾ ವಯರಿನದು. ಕಡತದಲ್ಲೂ ಇದ್ದರೆ ರೋಗ ಮೈಕಿನ ಕಡೆಗಿದೆ. ಹೊರಗಿನ ಮೈಕೊಂದನ್ನು ಚುಚ್ಚಿ ಹತ್ತು ಅಂಕಿ ಎಣಿಸಿ ಕೇಳಿದೆ. ನಿರ್ಮಲ ದನಿ. ಅದನ್ನು ಕಿತ್ತು ಯಂತ್ರದ ಸ್ವಂತ ಮೈಕಿಗೆ ಎಣಿಸಿದೆ. ಎಡಕ್ಕೆ ಮತ್ತೆ ತರಗೆಲೆ. ಹಾಗಾದರೆ ಒಳಗಿನ ಕಿವಿಗಳಲ್ಲೊಂದು ಮುದಿಯಾಗಿದೆ.

ವೈದ್ಯರು ಎದೆಗೆ ಸ್ಟೆಥಾಸ್ಕೋಪ್ ಇಡುವುದು ನೆನಪಾಯಿತು. ಯಂತ್ರದ ರೋಗ ಹುಡುಕುವುದೆಂದರೂ ಕೊನೆಗೆ ಕಿವಿಗೊಟ್ಟು ಕೇಳುವುದೇ.

* * *

ಮಂಗಳೂರಿನ ಹಂಪನಕಟ್ಟೆಯ ಒಂದು ಮಾಳಿಗೆಯ ಕೆಳಗಿನ ರಿಪೇರಿ ಅಂಗಡಿ. ಗೋಡೆ ತುಂಬ ರೇಡಿಯೋಗಳ ಎಲುಬುಗೂಡು, ಕ್ಯಾಸೆಟ್ ಪ್ಲೇಯರಿನ ಬೆಲ್ಟುಗಳ ಗೊಂಚಲು, ರಾಳದ ಹೊಗೆಯ ವಾಸನೆ. ಹಣೆಗೆ ಭೂತಗನ್ನಡಿ ಕಟ್ಟಿಕೊಂಡ ಹಿರಿಯರು ತಲೆಯೆತ್ತಿದರು.

"ಎಂತ ಆಯ್ತು ಇದಕ್ಕೆ?"

"ಎಡಗಡೆ ಚರಚರ ಕೇಳ್ತದೆ. ನಡುವಿನಲ್ಲಿ ಆಫ್ ಆಗಿತ್ತು."

"ಬಿಚ್ಚಿ ನೋಡುವ. ಕೂತ್ಕೊಳ್ಳಿ ಟೀಚರೇ."

ನಾಲ್ಕು ಸ್ಕ್ರೂ ತೆಗೆದು ಸಿಪ್ಪೆ ಬಿಡಿಸಿದಂತೆ ಎರಡು ಹೋಳು ಮಾಡಿದರು. ಬ್ಯಾಟರಿ ತಗಡಿನ ಬುಡದಲ್ಲಿ ಬಿರುಕು ಬಿಟ್ಟ ಬೆಸುಗೆಯೊಂದು ಸಿಕ್ಕಿತು. ಅವರು ಕಾದ ಕಡ್ಡಿ ಮುಟ್ಟಿಸಿದರು. ಸೀಸದ ಹನಿ ಕರಗಿ, ಮಿನುಗಿ, ಗಟ್ಟಿಯಾಯಿತು. ಆಮೇಲೆ ಎಡ ಮೈಕಿನ ಗುಂಡನ್ನು ಬಹಳ ಹೊತ್ತು ನೋಡಿದರು.

ಈ ಬಗೆಯ ಎಲೆಕ್ಟ್ರೆಟ್ ಮೈಕನ್ನು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್‌ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದರು. ತೆಳುಪೊರೆಯೊಂದರಲ್ಲಿ ವಿದ್ಯುದಂಶವನ್ನು ಕಾಯಮ್ಮಾಗಿ ಸೆರೆಹಿಡಿದಿಟ್ಟರೆ, ದನಿ ತಾಗಿ ಪೊರೆ ನಡುಗಿದಂತೆಲ್ಲ ಅದು ವಿದ್ಯುತ್ ಅಲೆಯಾಗುತ್ತದೆ. ಮೈಕು ಬೆರಳುಗುರಿನಷ್ಟು ಪುಟ್ಟದಾದದ್ದು, ಅಗ್ಗವಾದದ್ದು ಅದರಿಂದಲೇ. ಆದರೆ ಧೂಳು, ತೇವ ವರ್ಷಗಟ್ಟಲೆ ಒಳನುಗ್ಗಿದರೆ ಆ ಸೆರೆಯಾದ ವಿದ್ಯುತ್ತು ಸೋರತೊಡಗುತ್ತದೆ. ನಮ್ಮ ಊರಿನದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಸುರಿಯುವ ಮಳೆ. ಹದಿಮೂರು ಮಳೆಗಾಲ ಈ ಪೊರೆ ತಾಳಿದ್ದೇ ದೊಡ್ಡದು.

"ಬ್ಯಾಟರಿ ಕಡೆದ್ದು ಸರಿಯಾಯ್ತು. ಮೈಕಿಂದು ಮಾತ್ರ ಕಷ್ಟ," ಎಂದರು. "ಇದೇ ಗುಂಡು ಈಗ ಸಿಗುದಿಲ್ಲ. ಬೇರೆ ಎಂತದಾದ್ರೂ ಹಾಕಿದ್ರೆ ಒಂದು ಕಿವಿ ಒಂದು ಥರ, ಇನ್ನೊಂದು ಇನ್ನೊಂದು ಥರ ಕೇಳ್ತದೆ. ನಿಮ್ಮ ಕೆಲಸಕ್ಕೆ ಅದು ಆಗುದಿಲ್ಲ. ಹೊಸತು ತಗೊಳ್ಳಿ. ಆದ್ರೆ ಇದನ್ನು ಬಿಸಾಡ್ಬೇಡಿ. ಹೊರಗಿನ ಮೈಕ್ ಹಾಕಿದ್ರೆ ಇನ್ನೂ ಓಡ್ತದೆ."

ಅವರು ತಗೊಂಡದ್ದು ಬೆಸುಗೆಯ ಹಣ ಮಾತ್ರ.

* * *

ನಮ್ಮ ನಾಡಿನ ಹಾಡುಗಳು ಎಷ್ಟೊಂದು ಯಂತ್ರಗಳ ಮೂಲಕ ಹಾದುಬಂದಿವೆ! ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದ ಹಾಡು, ಕುಣಿತಗಳನ್ನು ದಾಖಲಿಸುತ್ತ ಕರ್ನಾಟಕದ ನೆಲದಲ್ಲೂ ತಿರುಗಿದರು. 1984ರಲ್ಲಿ ನಜೀರ್ ಜೈರಾಜಭಾಯ್ ಅವರ ತಂಡ ಅದೇ ಧ್ವನಿಮುದ್ರಿಕೆಗಳನ್ನು ಹೊತ್ತು ಅದೇ ಊರುಗಳಿಗೆ ಮರಳಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ಹುಡುಕಿತು. ನಡುವಿನ ವರ್ಷಗಳಲ್ಲಿ ಸ್ಟೆಫಾನ್ ಕುಡೆಲ್‌ಸ್ಕಿಯ ನಾಗ್ರಾ ರೆಕಾರ್ಡರ್ ಬಂತು. ರೀಲು ಯಂತ್ರ ಭುಜಕ್ಕೇರಿತು. 1963ರಲ್ಲಿ ಬಂದ ಕ್ಯಾಸೆಟ್ಟು ಜೇಬಿಗಿಳಿಯಿತು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ಸುತ್ತಿ ಕೂಡಿಸಿದ ದನಿಗಳು ರಾಮನಗರದ ಜಾನಪದ ಲೋಕಕ್ಕೆ ಸೇರಿದವು.

ಇದೇ ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ, ಆನೆಲಿ ಹೊಂಕೊ, ನಮ್ಮವರೇ ಆದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅದನ್ನು ದಾಖಲಿಸಿದರು. 1998ರಲ್ಲಿ ಪುಸ್ತಕವಾದಾಗ ಅದು 15,683 ಸಾಲು. ಅಕ್ಷರಕ್ಕೆ ಇಳಿಯದೆ ಒಬ್ಬ ಬೇಸಾಯಗಾರನ ನೆನಪಿನಲ್ಲಿ ಕುಳಿತಿದ್ದ ಮಹಾಕಾವ್ಯ. ಆ ದಿನಗಳಲ್ಲಿ ಯಂತ್ರದ ಒಂದು ಬೆಸುಗೆ ಬಿರುಕು ಬಿಟ್ಟಿದ್ದರೆ ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

* * *

ಹೊಸ ರೆಕಾರ್ಡರ್ ಹಳೆಯದಕ್ಕಿಂತ ಹಗುರ. 32 ಬಿಟ್ ಫ್ಲೋಟ್ ಎಂಬ ವಿಧಾನದಲ್ಲಿ ಬರೆದುಕೊಳ್ಳುತ್ತದೆ. ಹಿಂದೆ ದನಿ ಏರಿ ಮೀಟರಿನ ಕೆಂಪು ಮುಟ್ಟಿದರೆ ಅಲೆಯ ತುದಿ ಕತ್ತರಿಸಿಹೋಗುತ್ತಿತ್ತು. ಇಳಿದರೆ ಯಂತ್ರದ್ದೇ ಸುಯ್ಯೆನ್ನುವ ಸದ್ದಿನಲ್ಲಿ ಮುಳುಗುತ್ತಿತ್ತು. ಹಾಗಾಗಿ ಕಣ್ಣು ಸದಾ ಮೀಟರಿನ ಮೇಲೆ. ಈಗ ಪಿಸುಮಾತನ್ನೂ ಕೂಗನ್ನೂ ಒಂದೇ ಕಡತದಿಂದ ಆಮೇಲೆ ಎತ್ತಿಕೊಳ್ಳಬಹುದು. ಅಂದರೆ ಹಾಡುವವರ ಮುಖ ನೋಡುತ್ತ ಕೂರಬಹುದು. ನನಗೆ ಸಿಕ್ಕಿದ ದೊಡ್ಡ ಲಾಭ ಅದು.

ಕೆಲವು ರೂಢಿಗಳು ಮಾತ್ರ ಹಳೆಯವೇ. ಹೆಡ್‌ಫೋನ್ ಇಲ್ಲದೆ ಗುಂಡಿ ಒತ್ತಬಾರದು. ಕಾರ್ಡನ್ನು ಆ ಯಂತ್ರದಲ್ಲೇ ಫಾರ್ಮ್ಯಾಟ್ ಮಾಡಬೇಕು. ಬಳಸದಾಗ ಸೆಲ್ ಹೊರಗಿಡಬೇಕು. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಬೇಕು. ಪ್ರತಿ ಹಾಡಿಗೂ ಮೂರು ಪ್ರತಿ, ಅದರಲ್ಲೊಂದು ಬೇರೆ ಊರಿನಲ್ಲಿ. ಹದಿಮೂರು ವರ್ಷಗಳ ಕಡತಗಳನ್ನು ಹಾಗೆ ನಕಲಿಸಲು ಕುಳಿತಾಗ ಅಜ್ಜಿಯ ಮೊದಲ ಧ್ವನಿಮುದ್ರಿಕೆ ಸಿಕ್ಕಿತು. ಗದ್ದೆಯ ಬದುವಿನಲ್ಲಿ, ನೇಜಿ ನೆಡುವಾಗ ಹಿಡಿದದ್ದು. ಅಜ್ಜಿ ಒಂದು ಸಾಲು ಎತ್ತುತ್ತಾರೆ. ಅವರ ನಾದಿನಿ ಅದನ್ನು ಹಿಡಿದು ಹಾಡುತ್ತಾರೆ. ಹಿಂದೆಯೇ ಹತ್ತು ಹೆಂಗಸರ ದನಿ.

* * *

ಸೋಣ ತಿಂಗಳು. ಮಳೆ ಹೊಳವಾಗಿದೆ. ಅದೇ ಜಗಲಿ, ಅದೇ ಬೈರಾಸು. ಹೊಸ ಯಂತ್ರ ನೋಡಿ ಅಜ್ಜಿ ಕೇಳಿದರು, "ಹಳತು ಎಲ್ಲಿ ಉಂಟು?" ಚೀಲದಿಂದ ತೆಗೆದು ತೋರಿಸಿದ ಮೇಲೆಯೇ ಸಮಾಧಾನ.

ಹಾಡು ಶುರುವಾಯಿತು. ಹಳೆಯ ಯಂತ್ರದಲ್ಲಿ ಎರಡು ಸಾಲುಗಳ ನಡುವಿನ ಜಾಗವನ್ನು ಅದರದೇ ಸುಯ್ಯನೆಯ ಸದ್ದು ತುಂಬಿಬಿಡುತ್ತಿತ್ತು. ಈಗ ಆ ಜಾಗ ಬರಿದಾಗಿ, ಸ್ಪಷ್ಟವಾಗಿ ಕೇಳಿಸಿತು: ಹಂಚಿನ ತುದಿಯಿಂದ ಬಿದ್ದ ಒಂದು ಹನಿ, ಕೊಟ್ಟಿಗೆಯಲ್ಲಿ ದನ ಮೈ ಕೊಡವಿದ್ದು, ಅಜ್ಜಿಯ ಉಸಿರು. ಆ ಉಸಿರಿನಲ್ಲಿ ಏದುವಿಕೆ ಇರಲಿಲ್ಲ. ಅವರಿಗೆ ದಣಿವಾಗಿರಲಿಲ್ಲ.

ಹಾಡು ಮುಗಿದ ಮೇಲೆ ಹೆಡ್‌ಫೋನನ್ನು ಅವರ ತಲೆಗಿಟ್ಟು ಹಳೆಯ ರೆಕಾರ್ಡರಿನಲ್ಲಿ ಗದ್ದೆಯ ಹಾಡು ಹಾಕಿದೆ. ಅಜ್ಜಿ ಮೊದಲು ಬೆರಗಾದರು, ಆಮೇಲೆ ಸುಮ್ಮನಾದರು. ಎಲೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಇದು ನಮ್ಮ ನಾದಿನಿ," ಎಂದರು. ನಾಲ್ಕು ವರ್ಷದ ಹಿಂದೆ ತೀರಿಕೊಂಡವರು. "ನಾನು ಹೇಳಿದ ಮೇಲೆ ಅವಳು ಹೇಳ್ಬೇಕು. ಹಾಗೆ ಉಂಟು ಈ ಪದ. ಅದಕ್ಕೆ ನಾನು ಈಗಲೂ ನಿಲ್ಲುದು."

ಕಣ್ಣು ಮುಚ್ಚಿ ಅವರು ಕಿವಿಯೊಳಗಿನ ದನಿಗೆ ಮುಂದಿನ ಸಾಲು ಎತ್ತಿಕೊಟ್ಟರು. ಎತ್ತಿ, ನಿಂತರು. ಈ ಸಲ ಆ ಜಾಗ ಬರಿದಾಗಿರಲಿಲ್ಲ ಎಂದು ಅವರ ಮುಖ ನೋಡಿ ತಿಳಿದೆ. ಬೈರಾಸಿನ ಮೇಲೆ ಹೊಸ ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು.